ನಾಲ್ಕು ತಾಲ್ಲೂಕುಗಳ ದಂಪತಿಯ ಏಕದಿನ ಸಮುದ್ರದರ್ಶನ: ಒಂದು ಲಕ್ಷಣಮೀಮಾಂಸೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಯಾವುದಾದರೊಂದರಲ್ಲಿ ವಾಸವಾಗಿದ್ದು, ವಿಧಿವತ್ತಾಗಿ ಮದುವೆಯಾಗಿ, ಮನೆಯ ಹಿರಿಯರ ಅಪ್ಪಣೆ ಪಡೆದು, ಒಂದು ಹಗಲನ್ನು ಮಂಗಳೂರಿನಲ್ಲಿ ಕಳೆದು, ಆ ಹಗಲಿನ ಯಾವುದಾದರೂ ಒಂದು ಗಳಿಗೆಯಲ್ಲಿ ಕನಿಷ್ಠ ಹಿಮ್ಮಡಿಯನ್ನಾದರೂ ಸಮುದ್ರದ ನೀರಿಗೆ ತಾಗಿಸಿ ಹಿಂದಿರುಗುವ ಇಬ್ಬರನ್ನು ಈ ಪ್ರಬಂಧವು 'ದರ್ಶನದಂಪತಿ' ಎಂದು ಕರೆಯುತ್ತದೆ. ಯಾವ ಲಕ್ಷಣಕ್ಕೂ, ಅಂದರೆ ವ್ಯಾಖ್ಯೆಗೂ, ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳು ತಗಲಬಹುದೆಂದು ತರ್ಕಶಾಸ್ತ್ರ ಎಚ್ಚರಿಸುವುದರಿಂದ, ಮೇಲಿನ ಲಕ್ಷಣದ ಒಂದೊಂದು ಪದವನ್ನೂ ತೂಗಿ ಇಡಲಾಗಿದೆ. 'ಸಮುದ್ರದಲ್ಲಿ ಸ್ನಾನ ಮಾಡಿದವರು' ಎಂದಿದ್ದರೆ ಬದಲಿ ಬಟ್ಟೆಯನ್ನು ಬಸ್ ನಿಲ್ದಾಣದ ಲಗೇಜ್ ಕೋಣೆಯಲ್ಲೇ ಬಿಟ್ಟು ಬಂದ ಬಹುಸಂಖ್ಯಾತರು ಹೊರಗುಳಿದು ಅವ್ಯಾಪ್ತಿಯಾಗುತ್ತಿತ್ತು. 'ನೀರನ್ನು ಜೊತೆಯಾಗಿ ನಿಂತು ನೋಡಿದವರು' ಎಂದಿದ್ದರೆ ಬೇಸಿಗೆಯಲ್ಲಿ ಬಿಂದಿಗೆ ಹಿಡಿದು ಟ್ಯಾಂಕರ್ ಮುಂದೆ ನಿಂತ ಗಂಡಹೆಂಡಿರೆಲ್ಲ ಒಳಗೆ ಬಂದು ಅತಿವ್ಯಾಪ್ತಿಯಾಗುತ್ತಿತ್ತು. 'ಇಬ್ಬರೂ ಏಕಕಾಲದಲ್ಲಿ ನೀರಿಗಿಳಿದವರು' ಎಂದಿದ್ದರೆ ಶುದ್ಧ ಅಸಂಭವವಾಗುತ್ತಿತ್ತು. ಈ ಕೊನೆಯ ಮಾತಿಗೆ ಕಾರಣವನ್ನು ಪಾದರಕ್ಷೆಯ ಪ್ರಕರಣದಲ್ಲಿ ವಿವರಿಸಲಾಗುವುದು.

ಈ ವಿಷಯದಲ್ಲಿ ಪೂರ್ವಸೂರಿಗಳ ಕೊಡುಗೆ ಸೊನ್ನೆ. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟವು, ಆಗ ಕೋಲಾರ ಜಿಲ್ಲೆಯಲ್ಲಿದ್ದು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ ಈ ನಾಲ್ಕೂ ತಾಲ್ಲೂಕುಗಳ ಶಾಸನಗಳನ್ನು ಒಳಗೊಂಡಿದೆ. ಅದರಲ್ಲಿ ಕೆರೆ ಕಟ್ಟಿಸಿದವರು, ತೂಬು ಇಡಿಸಿದವರು, ತುರುಗಳನ್ನು ಬಿಡಿಸಲು ಹೋಗಿ ಮಡಿದವರು ಸಿಗುತ್ತಾರೆಯೇ ಹೊರತು ಹೆಂಡತಿಯೊಡನೆ ಕಡಲು ನೋಡಲು ಹೋಗಿ ಬಂದವರು ಸಿಗುವುದಿಲ್ಲ. ನೆರೆಯ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನ್ ಮಂಗಳೂರಿನ ಬೋಳೂರಿನಲ್ಲಿ 1784ರಲ್ಲಿ ಕಪ್ಪು ಕಲ್ಲಿನ ಕಾವಲುಗೋಪುರವನ್ನು ಕಟ್ಟಿಸಿದ್ದು ನಿಜವಾದರೂ, ಅವನ ಉದ್ದೇಶ ಹಗೆಯ ಹಡಗುಗಳು ನದಿಯೊಳಗೆ ನುಗ್ಗದಂತೆ ಕಾಯುವುದಾಗಿದ್ದರಿಂದ ಅವನನ್ನು ದರ್ಶನದಂಪತಿಯ ಮೂಲಪುರುಷನೆಂದು ಒಪ್ಪುವಂತಿಲ್ಲ. ಆದರೂ ಇಂದಿನ ದಂಪತಿ ಸುಲ್ತಾನ್ ಬತ್ತೇರಿ ಎಂದು ಹೆಸರಾದ ಅದೇ ಗೋಪುರದ ಬಳಿಯಿಂದ ದೋಣಿ ಹತ್ತಿ, ಗುರುಪುರ ನದಿಯನ್ನು ದಾಟಿ ತಣ್ಣೀರುಬಾವಿಯ ಮರಳಿಗೆ ಇಳಿಯುತ್ತಾರೆಂಬುದು ಗಮನಾರ್ಹ.

ಇನ್ನು ದಿಕ್ಕಿನ ವಿಚಾರ. ನಂದಿಬೆಟ್ಟದ ಸುತ್ತಿನಿಂದಲೂ ಈ ತಾಲ್ಲೂಕುಗಳ ನೆಲದಿಂದಲೂ ಹೊರಡುವ ನೀರೆಲ್ಲ ಬಂಗಾಳ ಕೊಲ್ಲಿಯ ಪಾಲು: ಉತ್ತರ ಪಿನಾಕಿನಿ ಗೌರಿಬಿದನೂರನ್ನು ಹಾದು ಆಂಧ್ರವನ್ನು ಸೇರಿ ನೆಲ್ಲೂರಿನ ಕಡೆ ಕಡಲಿಗಿಳಿಯುತ್ತದೆ, ದಕ್ಷಿಣ ಪಿನಾಕಿನಿ ತಮಿಳುನಾಡಿನ ಕಡಲೂರಿನ ಬಳಿ, ಪಾಲಾರ್ ಚೆನ್ನೈನ ದಕ್ಷಿಣಕ್ಕೆ; ಚಿತ್ರಾವತಿ, ಪಾಪಾಗ್ನಿಗಳು ಪಿನಾಕಿನಿಯನ್ನೇ ಕೂಡಿಕೊಳ್ಳುತ್ತವೆ, ಅರ್ಕಾವತಿಯು ಕಾವೇರಿಯ ಕೈ ಹಿಡಿದು ಅತ್ತಲೇ ಹೋಗುತ್ತದೆ. ಹೀಗೆ ಒಂದು ಹನಿಯೂ ಪಡುಗಡಲಿಗೆ ಹೋಗದ ಸೀಮೆಯ ದಂಪತಿ, ಚಿಂತಾಮಣಿಯವರಿಗಂತೂ ಚೆನ್ನೈ ಹತ್ತಿರವಾಗಿರುವಾಗ, ಘಟ್ಟ ಇಳಿದು ಪಡುಗಡಲನ್ನೇ ನೋಡಲು ಹೋಗುವುದೇಕೆ ಎಂಬುದು ಪೂರ್ವಪಕ್ಷ, ಅಂದರೆ ಸಿದ್ಧಾಂತವನ್ನು ಹೇಳುವ ಮುನ್ನ ಎದುರಾಳಿ ಎತ್ತುವ ಆಕ್ಷೇಪ. ಭಾಷೆಯ ಕಾರಣವನ್ನು ಕೊಡುವವರು ಕನ್ನಡ ತೆಲುಗುಗಳೆರಡೂ ಬೆರೆತ ಈ ತಾಲ್ಲೂಕುಗಳ ಮನೆಮಾತುಗಳನ್ನು ಕೇಳಿದವರಲ್ಲ. ಸಿದ್ಧಾಂತವೇನೆಂದರೆ, ಈ ಸೀಮೆಯ ಅತ್ತೆಮಾವಂದಿರ ಮುಂದೆ 'ಸಮುದ್ರ ನೋಡಿ ಬರುತ್ತೇವೆ' ಎಂಬ ವಾಕ್ಯವು ಉಚ್ಚರಿಸಲು ಯೋಗ್ಯವಲ್ಲ; 'ಧರ್ಮಸ್ಥಳಕ್ಕೆ ಹರಕೆ ಇದೆ' ಎಂಬ ವಾಕ್ಯವು ಮಾತ್ರ ಯೋಗ್ಯ. ಮೀಮಾಂಸಕರು ಮುಖ್ಯ ಕರ್ಮದ ಬೆನ್ನಿಗೆ ತಾನಾಗಿ ದೊರೆಯುವ ಉಪಫಲವನ್ನು 'ಆನುಷಂಗಿಕ ಫಲ'ವೆಂದು ಕರೆಯುತ್ತಾರೆ. ಮಂಜುನಾಥಸ್ವಾಮಿಯ ದರ್ಶನ ಮುಖ್ಯ ಕರ್ಮ, ಅರಬ್ಬಿ ಸಮುದ್ರ ಆನುಷಂಗಿಕ. ಮರೀನಾ ಬೀಚಿನ ಪಕ್ಕದಲ್ಲಿ ಇದೇ ತೂಕದ ಹರಕೆ ಇದ್ದಿದ್ದರೆ ದಂಪತಿಗಳು ತಮ್ಮ ಹೊಳೆಗಳ ಹಿಂದೆಯೇ ಹೋಗುತ್ತಿದ್ದರೆಂಬುದರಲ್ಲಿ ಸಂದೇಹವಿಲ್ಲ.

ಕಾಲನಿರ್ಣಯವು ಇದಕ್ಕಿಂತ ಜಟಿಲ. ಪಂಚಾಂಗವಾಗಲೀ ಸರ್ಕಾರಿ ರಜೆಯ ಪಟ್ಟಿಯಾಗಲೀ ಇಲ್ಲಿ ಪ್ರಮಾಣವಲ್ಲ. ಶಿಡ್ಲಘಟ್ಟದಲ್ಲಿ ಪ್ರಮಾಣ ರೇಷ್ಮೆಹುಳು. ಹುಳುವು ಮೇವು ಬಿಟ್ಟು ಪೊರೆ ಕಳಚಲು ಕೂರುವ ಅವಸ್ಥೆಯನ್ನು ಬೆಳೆಗಾರರು 'ಜ್ವರ' ಎನ್ನುತ್ತಾರೆ. ಅಂಥ ನಾಲ್ಕು ಜ್ವರಗಳಿದ್ದು, ನಾಲ್ಕನೆಯದರಿಂದ ಎದ್ದ ಹುಳು ಹಗಲಿರುಳೆನ್ನದೆ ಸೊಪ್ಪು ತಿನ್ನುವಾಗ ಮನೆಯಿಂದ ಒಬ್ಬರು ಕದಲಿದರೂ ಉಳಿದವರು ಅದನ್ನು ಮುಂದಿನ ಬೆಳೆಯವರೆಗೆ ನೆನಪಿಸುತ್ತಾರೆ. ಹುಳು ಹಣ್ಣಾಗಿ, ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ, ಮಾರುಕಟ್ಟೆಯಲ್ಲಿ ಹರಾಜಾಗಿ, ಹುಳುಮನೆ ತೊಳೆದು ಔಷಧಿ ಹೊಡೆದು, ಮುಂದಿನ ಚಾಕಿ, ಅಂದರೆ ಎಳೆಯ ಹುಳು, ಬರುವವರೆಗಿನ ಸಂಧಿಕಾಲವೇ ಸಮುದ್ರದರ್ಶನಕ್ಕೆ ಶಾಸ್ತ್ರಸಮ್ಮತವಾದ ಕಾಲ. ಮಗುವಿನ ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ ಮೊದಲಾದ ಆಧುನಿಕ ನಿಮಿತ್ತಗಳು ಇದಕ್ಕೆ ಅಧೀನವಾಗಿದ್ದು, ಅಗತ್ಯಬಿದ್ದರೆ ಅವನ್ನು ಹಿಂದೆ ಮುಂದೆ ಮಾಡಿಕೊಳ್ಳಲಾಗುತ್ತದೆ.

ಚಿಂತಾಮಣಿಯ ಕಡೆ ಪ್ರಮಾಣ ಟೊಮೆಟೊ. ಈ ಬೆಳೆಯ ಧಾರಣೆ ಏರುವುದು ಹೆಚ್ಚಾಗಿ ಮಳೆಗಾಲದಲ್ಲಿ; 2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋದ ಒಂದು ಬಾಕ್ಸ್ ಎರಡು ಸಾವಿರ ರೂಪಾಯಿಯನ್ನು ದಾಟಿತ್ತು. ಆದರೆ ಜುಲೈಯಲ್ಲಿ ಪಡುಗಡಲು ಉಕ್ಕೇರಿ, ನೀರಿಗಿಳಿಯಬಾರದೆಂಬ ಫಲಕ ತೀರದಲ್ಲಿ ನಿಂತು, ಯಾಂತ್ರಿಕ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ ದಡ ಸೇರಿರುತ್ತವೆ. ಕಡಲು ಶಾಂತವಾಗಿ, ಮೀನು ಅಗ್ಗವಾಗಿ, ಆಕಾಶ ತಿಳಿಯಾಗುವ ತಿಂಗಳುಗಳಲ್ಲಿ ಟೊಮೆಟೊವನ್ನು ಕೇಳುವವರಿಲ್ಲದೆ ರಸ್ತೆಯ ಪಕ್ಕ ಸುರಿದು ಬರಬೇಕಾದ ದಿನಗಳೂ ಇರುತ್ತವೆ. ಜೇಬಿಗೂ ಅಲೆಗೂ ಇರುವ ಈ ವಿರೋಧವನ್ನು 'ಧಾರಣಾ-ತರಂಗ ವಿಲೋಮನ್ಯಾಯ'ವೆಂದು ಕರೆಯಬಹುದು. ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಮಹಾವಿದ್ಯಾಲಯವೇ ಇದ್ದರೂ ಈ ನ್ಯಾಯವನ್ನು ಅಲ್ಲಿ ಬೋಧಿಸುವುದಿಲ್ಲ. ತೋಟದಲ್ಲಿ ತಾನಾಗಿ ತಿಳಿಯುತ್ತದೆ.

ಪ್ರಯಾಣದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ರಾತ್ರಿ ಬೆಂಗಳೂರಿನ ಮೆಜೆಸ್ಟಿಕ್‌ನಿಂದ ಹೊರಟ ಬಸ್ಸು ಕತ್ತಲೆಯಲ್ಲೇ ಶಿರಾಡಿ ಘಾಟಿಯನ್ನು ಇಳಿಯುವುದರಿಂದ, ಕರ್ನಾಟಕದ ಅತ್ಯಂತ ಹಸಿರಾದ ದಾರಿಗಳಲ್ಲಿ ಒಂದನ್ನು ದರ್ಶನದಂಪತಿ ಮೂಸಿದ ನಿಂಬೆಹಣ್ಣಿನ ವಾಸನೆಯ ಮೂಲಕ ಮಾತ್ರ ಬಲ್ಲರು. ಇಳಿದ ಕೂಡಲೇ ಬೆವರು ಬರುತ್ತದೆ, ಬಂದದ್ದು ಆರುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 700ರಿಂದ 900 ಮೀಟರ್ ಎತ್ತರದ ಒಣಗಾಳಿಯಲ್ಲಿ ಬೆಳೆದವರಿಗೆ ಬೆವರೆಂದರೆ ದುಡಿಮೆಗೆ ಸಿಗುವ ಪ್ರತಿಫಲ. ಏನನ್ನೂ ಮಾಡದೆ ಬೆಂಚಿನ ಮೇಲೆ ಕೂತವನಿಗೂ ಅದು ಸಿಗುವ ಊರೊಂದಿದೆ ಎಂಬುದು ಅವರ ಮೊದಲ ತತ್ತ್ವಾಘಾತ.

ಈಗ ಪ್ರಬಂಧದ ಹೃದಯಭಾಗಕ್ಕೆ ಬರಬೇಕು. ಪಣಂಬೂರಿನಲ್ಲಾಗಲಿ ತಣ್ಣೀರುಬಾವಿಯಲ್ಲಾಗಲಿ ಮರಳ ದಿಬ್ಬವನ್ನು ಹತ್ತಿ ಕಡಲನ್ನು ಮೊದಲ ಸಲ ಕಾಣುವ ದಂಪತಿಯಿಂದ ಕವಿಗಳು ನಿರೀಕ್ಷಿಸುವ ಉದ್ಗಾರ ಹೊರಡುವುದಿಲ್ಲ. ಹೊರಡುವುದು 'ಇಷ್ಟೊಂದು ನೀರಾ!' ಎಂಬ ಲೆಕ್ಕಾಚಾರದ ವಾಕ್ಯ. ಕಾರಣ ಸ್ಪಷ್ಟ: ವರ್ಷಪೂರ್ತಿ ಹರಿಯುವ ನದಿಯೊಂದೂ ಇಲ್ಲದ ಈ ತಾಲ್ಲೂಕುಗಳಲ್ಲಿ ನೀರಿಗೆ ಒಂದೇ ಆಯಾಮವಿದೆ, ಅದು ಆಳ. ನೀರಿನ ಬಗ್ಗೆ ಮಾತಾಡುವಾಗ ಜನ ಅಡಿಯಲ್ಲಿ ಮಾತಾಡುತ್ತಾರೆ: ಎಂಟುನೂರಕ್ಕೆ ತೇವ, ಸಾವಿರದ ಇನ್ನೂರಕ್ಕೆ ಒಂದೂವರೆ ಇಂಚು, ಸಾವಿರದೈನೂರಕ್ಕೆ ಬರೀ ಧೂಳು. ಕೊಳವೆಬಾವಿಯ ಬಾಯಿಯಷ್ಟೇ ಅಗಲವಾದ ನೀರನ್ನು ಕಂಡು ಬೆಳೆದವರ ಮುಂದೆ, ತೋಡದೆ, ಪಾಯಿಂಟ್ ನೋಡಿಸದೆ, ತೆಂಗಿನಕಾಯಿ ಅಂಗೈ ಮೇಲೆ ಎದ್ದು ನಿಲ್ಲುವುದನ್ನು ಕಾಯದೆ, ನೀರು ಅಡ್ಡಡ್ಡಲಾಗಿ ಮಲಗಿರುವ ದೃಶ್ಯವು ಆಸ್ತಿಕನಿಗೂ ಒಂದು ಕ್ಷಣ ದೇವರ ಹಂಚಿಕೆಯ ಬಗ್ಗೆ ಅನುಮಾನ ಹುಟ್ಟಿಸುತ್ತದೆ. ಆದ್ದರಿಂದ ಗಂಡ ಕಡಲನ್ನು ಕೆರೆಗಳಲ್ಲಿ ಅಳೆಯತೊಡಗುತ್ತಾನೆ, ಕಂದವಾರ ಕೆರೆ ಎಷ್ಟು ಸಲ ಕೋಡಿ ಬೀಳಬಹುದಿತ್ತೆಂದು. ಹೆಂಡತಿಯಾದವಳು, ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಇಪ್ಪತ್ತು ಲೀಟರಿನ ಕ್ಯಾನು ತುಂಬಿಸಿ ಸೊಂಟಕ್ಕೇರಿಸುವವಳಾದ್ದರಿಂದ, ಕ್ಯಾನುಗಳಲ್ಲಿ ಅಳೆಯುತ್ತಾಳೆ. ಎರಡು ಮಾಪನಪದ್ಧತಿಗಳಲ್ಲಿ ಹೆಂಡತಿಯದೇ ಹೆಚ್ಚು ನಿಖರ. ಬಳಿಕ ಇಬ್ಬರೂ ಬೆರಳದ್ದಿ ನಾಲಿಗೆಗಿಟ್ಟು ನೋಡುತ್ತಾರೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವುದು ದೃಢಪಟ್ಟ ಮೇಲೆ, ದೇವರ ಹಂಚಿಕೆಯಲ್ಲಿ ಅಂಥ ಮೋಸವೇನೂ ಆಗಿಲ್ಲವೆಂಬ ಸಮಾಧಾನ ಮೂಡಿ ಮುಖ ತಿಳಿಯಾಗುತ್ತದೆ.

ಈ ಸಮಾಧಾನವನ್ನು ಕದಡುವವನು ಆಟೋ ಚಾಲಕ. ಯಾವೂರೆಂದು ಕೇಳಿ, ಚಿಕ್ಕಬಳ್ಳಾಪುರವೆಂದು ತಿಳಿದೊಡನೆ ಅವನು, 'ಹಾಗಾದ್ರೆ ನಮ್ಮ ನೇತ್ರಾವತಿ ನೀರು ತಗೊಂಡು ಹೋಗುವವರು ನೀವೇ ಅಲ್ವಾ ಮಾರಾಯ್ರೆ?' ಎನ್ನುತ್ತಾನೆ. ಇಲ್ಲಿ ಸ್ವಲ್ಪ ವಿವರಣೆ ಅಗತ್ಯ. ಸಕಲೇಶಪುರದ ಕಡೆಯ ಎತ್ತಿನಹೊಳೆ ಮೊದಲಾದ ಹಳ್ಳಗಳು ಸಹಜವಾಗಿ ಪಶ್ಚಿಮಕ್ಕೆ ಇಳಿದು, ಕುಮಾರಧಾರೆಯ ಮೂಲಕ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಮಂಗಳೂರಿನ ಅಳಿವೆಯಲ್ಲಿ, ಅಂದರೆ ನದಿಯು ಕಡಲನ್ನು ಸೇರುವ ಬಾಯಿಯಲ್ಲಿ, ಸಮುದ್ರದ ಪಾಲಾಗುತ್ತವೆ. ಅವುಗಳ ಮಳೆಗಾಲದ ನೀರಿನಲ್ಲಿ 24.01 ಟಿಎಂಸಿಯನ್ನು ಎತ್ತಿ ಪೂರ್ವಕ್ಕೆ ತಿರುಗಿಸಿ ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಜಿಲ್ಲೆಗಳಿಗೆ ಕುಡಿಯಲು ಕೊಡುವುದೇ ಎತ್ತಿನಹೊಳೆ ಯೋಜನೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರ ತಾಲ್ಲೂಕಿನಲ್ಲಿ ಚಾಲನೆ ದೊರೆಯಿತು. ಚಾಲಕನ ಪ್ರಶ್ನೆಗೆ ಗಂಡನು, 'ಇನ್ನೂ ಬಂದಿಲ್ಲ ಸಾರ್' ಎಂದು ಉತ್ತರಿಸುತ್ತಾನೆ. ಚರ್ಚೆ ಅಲ್ಲಿಗೆ ನಿಲ್ಲುತ್ತದೆ. ಮೀಟರಿನ ಮೇಲೆ ಹತ್ತು ರೂಪಾಯಿ ಹೆಚ್ಚಾದರೆ ಅದನ್ನು ನದೀತಿರುವಿನ ಪರಿಹಾರವೆಂದು ತಿಳಿಯತಕ್ಕದ್ದು. ಎರಡು ಸೀಮೆಗಳ ನಡುವಿನ ಜಲವಿವಾದವು ಇದಕ್ಕಿಂತ ಕಡಿಮೆ ಖರ್ಚಿನಲ್ಲಿ ಇತ್ಯರ್ಥವಾದ ಉದಾಹರಣೆ ಸಿಗುವುದು ಕಷ್ಟ.

ಪಾದರಕ್ಷೆಯ ಪ್ರಕರಣ. ನೀರಿಗಿಳಿಯಲು ಚಪ್ಪಲಿ ಬಿಡಬೇಕು. ಬಿಟ್ಟ ಚಪ್ಪಲಿಯನ್ನು ಯಾರಾದರೂ ಕಾಯಬೇಕು. ಚಪ್ಪಲಿಯ ಜೊತೆಗೆ ಕೈಚೀಲ, ಎರಡು ಮೊಬೈಲು, ಧರ್ಮಸ್ಥಳದ ಪ್ರಸಾದದ ಪೊಟ್ಟಣ, ಊರಿಂದ ಕಟ್ಟಿಸಿಕೊಂಡು ಬಂದು ಇನ್ನೂ ಮುಗಿಯದ ಚಕ್ಕುಲಿಯ ಡಬ್ಬಿ ಇವೂ ಇರುವುದರಿಂದ, ದಂಪತಿಯಲ್ಲಿ ಒಬ್ಬರು ನೀರಿನಲ್ಲಿದ್ದಾಗ ಮತ್ತೊಬ್ಬರು ದಡದಲ್ಲಿರುವುದು ಅನಿವಾರ್ಯ. ಹೀಗೆ, ಜೊತೆಯಾಗಿ ಸಮುದ್ರಕ್ಕೆ ಹೋಗುವುದೇ ಉದ್ದೇಶವಾಗಿರುವ ಪ್ರವಾಸದಲ್ಲಿ ಜೊತೆಯಾಗಿ ಸಮುದ್ರದಲ್ಲಿರುವುದೊಂದು ಮಾತ್ರ ಘಟಿಸುವುದಿಲ್ಲ. ಕಾವಲಿನ ಪಾಳಿ ಹೇಗೆ ಹಂಚಿಕೆಯಾಗುತ್ತದೆಂಬುದು ಸ್ವತಂತ್ರ ಅಧ್ಯಯನಕ್ಕೆ ಯೋಗ್ಯ. ಮೊದಲ ಪಾಳಿ ಯಾವಾಗಲೂ ಹೆಂಡತಿಯದು, ಏಕೆಂದರೆ ಗಂಡನು 'ಆಳ ಎಷ್ಟಿದೆ ನೋಡಿ ಬರ್ತೀನಿ' ಎಂಬ ಪರೋಪಕಾರದ ಹೆಸರಿನಲ್ಲಿ ಪ್ಯಾಂಟು ಮಡಚಿ ಹೊರಟುಬಿಡುತ್ತಾನೆ. ಕೊಳವೆಬಾವಿಯ ನಾಡಿನವನಾದ್ದರಿಂದ ಆಳದ ವಿಷಯದಲ್ಲಿ ಅವನಿಗೆ ಅಧಿಕಾರವಿದೆಯೆಂದು ಹೆಂಡತಿಯೂ ಒಪ್ಪುತ್ತಾಳೆ. ಮೊಣಕಾಲಿನವರೆಗೆ ಮಡಚಿದ ಪ್ಯಾಂಟು ಸೊಂಟದವರೆಗೆ ಒದ್ದೆಯಾಗಿ ಅವನು ಮರಳುವ ಹೊತ್ತಿಗೆ, ಜೀವರಕ್ಷಕನ ಸೀಟಿ ಅವನನ್ನು ಎರಡು ಬಾರಿಯಾದರೂ ಹೆಸರಿಲ್ಲದೆ ಕರೆದಿರುತ್ತದೆ. ಎರಡನೆಯ ಪಾಳಿಯಲ್ಲಿ ಹೆಂಡತಿ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಅಲೆ ಬಂದಾಗ ಹಿಂದಕ್ಕೂ ಹೋದಾಗ ಮುಂದಕ್ಕೂ ಸರಿಯುತ್ತ, ಕಡಲಿನೊಡನೆ ಒಂದು ಗೌರವಯುತ ಅಂತರವನ್ನು ಕಾಯ್ದುಕೊಳ್ಳುತ್ತಾಳೆ. ದಡದಲ್ಲಿ ಚಪ್ಪಲಿ ಕಾಯಬೇಕಾದವನು ಮೊಬೈಲ್ ನೋಡುತ್ತಿರುವಾಗ ಒಂದು ಅಲೆ ಬಂದು ನಾಲ್ಕರಲ್ಲಿ ಒಂದು ಚಪ್ಪಲಿಯನ್ನು ಒಯ್ಯುತ್ತದೆ. ಅದು ಸದಾ ಹೆಂಡತಿಯದೇ ಆಗಿರುವುದಕ್ಕೆ ವಿಜ್ಞಾನದಲ್ಲಿ ವಿವರಣೆ ಇಲ್ಲ, ಹೆಂಡತಿಯ ಬಳಿ ಇದೆ.

ಭಾಷಾಪ್ರಕರಣವು ಹೆಚ್ಚು ಸೂಕ್ಷ್ಮವಾದದ್ದು. ಈ ನಾಲ್ಕು ತಾಲ್ಲೂಕುಗಳಲ್ಲಿ ಕನ್ನಡ ತೆಲುಗುಗಳೆರಡೂ ಬೀದಿಯ ಮಾತುಗಳಾಗಿದ್ದು, ಕೈವಾರದ ನಾರೇಯಣ ತಾತಯ್ಯನವರು ಎರಡರಲ್ಲೂ ಹಾಡಿದವರಾದ್ದರಿಂದ ಇದಕ್ಕೆ ಸಂತರ ಸಮ್ಮತಿಯೂ ಇದೆ. ಊರಲ್ಲಿ ದಂಪತಿ ಯಾವ ಭಾಷೆಯಲ್ಲಿ ಪಿಸುಗುಟ್ಟಿದರೂ ಪಕ್ಕದ ಮನೆಗೆ ಅರ್ಥವಾಗುತ್ತದೆ. ಮಂಗಳೂರಿನಲ್ಲಿ ಮಾತ್ರ, ತುಳು, ಕೊಂಕಣಿ, ಬ್ಯಾರಿ, ಮಲಯಾಳಗಳ ನಡುವೆ ನಿಂತಾಗ, ತಮ್ಮ ತೆಲುಗು ಒಂದು ಗುಪ್ತಲಿಪಿಯಾಗಿ ಪರಿಣಮಿಸಿರುವುದು ಅವರ ಅರಿವಿಗೆ ಬರುತ್ತದೆ. ಮದುವೆಯಾದ ಬಳಿಕ ಮೊದಲ ಬಾರಿಗೆ ನಾಲ್ಕು ಜನರ ಮುಂದೆ ಗುಟ್ಟು ಮಾತಾಡುವ ಈ ಸೌಲಭ್ಯವನ್ನು ಅವರು ಪ್ರಣಯಕ್ಕೆ ಬಳಸುತ್ತಾರೆಂದು ಊಹಿಸುವುದು ತಪ್ಪು, ಬಳಸುವುದು ಚೌಕಾಸಿಗೆ. ಕಪ್ಪೆಚಿಪ್ಪಿನ ಸರದ ಬೆಲೆ ಕೇಳಿ ಹೆಂಡತಿಯು 'ವದ್ದು, ಪೋದಾಂ' (ಬೇಡ, ಹೋಗೋಣ) ಎನ್ನುತ್ತಾಳೆ, ಗಂಡನು ಎರಡು ಹೆಜ್ಜೆ ಇಡುತ್ತಾನೆ, ಬೆಲೆ ಇಳಿಯುತ್ತದೆ. ಈ ವ್ಯವಸ್ಥೆ ಮೀನುಗಾರಿಕಾ ಬಂದರಿನ ಬಳಿ ಮುರಿದುಬೀಳುತ್ತದೆ. ಅಲ್ಲಿ ದೋಣಿಗಳಲ್ಲಿ ದುಡಿಯುವವರ ಪೈಕಿ ಆಂಧ್ರದ ಕರಾವಳಿಯಿಂದ ಬಂದವರೂ ಇರುವುದರಿಂದ, ದಂಪತಿಯ ಗುಟ್ಟಿಗೆ ಬಲೆ ಹೊಲಿಯುತ್ತಿದ್ದವನೊಬ್ಬನು ತಲೆಯೆತ್ತದೆಯೇ ತೆಲುಗಿನಲ್ಲಿ ಉತ್ತರ ಕೊಡುತ್ತಾನೆ.

ಆಹಾರದ ವಿಧಿನಿಷೇಧಗಳಲ್ಲಿ ಪ್ರಧಾನವಾದದ್ದು ಕ್ರಮ. ಹರಕೆಯ ದರ್ಶನಕ್ಕೆ ಮುನ್ನ ಮೀನು ನಿಷಿದ್ಧ, ದರ್ಶನಾನಂತರ ವಿಹಿತ. ಆದ್ದರಿಂದ ಮೊದಲ ದಿನ ಧರ್ಮಸ್ಥಳ, ಮರುದಿನ ಮಂಗಳೂರು ಎಂಬ ಪ್ರವಾಸಕ್ರಮವನ್ನು ರೂಪಿಸಿರುವುದು ಭೂಗೋಳವಲ್ಲ, ಬಂಗುಡೆ. ಆ ಮರುದಿನವು ಸೋಮವಾರವೋ ಶನಿವಾರವೋ ಆಗಿಬಿಟ್ಟರೆ ಗಂಡನು ಹುರಿದ ಅಂಜಲಿನ ವಾಸನೆಯ ನಡುವೆ ಕೂತು ಗೋಳಿಬಜೆ ತಿನ್ನಬೇಕಾಗುತ್ತದೆ, ಮತ್ತು ತಾರೀಖನ್ನು ಗೊತ್ತುಮಾಡಿದವರು ಯಾರೆಂಬ ವಿಚಾರಣೆ ಅಲ್ಲೇ ಆರಂಭವಾಗುತ್ತದೆ. ವಿಹಿತ ದಿನದಲ್ಲೂ ತೊಡಕಿಲ್ಲದಿಲ್ಲ. ಕೆರೆಯ ಕಾಟ್ಲಾ, ರೋಹು, ಜಿಲೇಬಿ ಮೀನುಗಳನ್ನು ಬಲ್ಲವರಿಗೆ ಕಾಣೆ, ಬೂತಾಯಿಗಳು ಅಪರಿಚಿತ ಗೋತ್ರದವು. ಕುಚ್ಚಲಕ್ಕಿಯ ಅನ್ನವಂತೂ ರಾಗಿಮುದ್ದೆಯನ್ನು ಅಗಿಯದೆ ನುಂಗಿ ಪಳಗಿದ ಗಂಟಲಿಗೆ ಒಡ್ಡುವ ಸವಾಲು ಸಾಮಾನ್ಯವಲ್ಲ. ಗಂಡನು ಮೊದಲ ತುತ್ತನ್ನು ಅಭ್ಯಾಸಬಲದಿಂದ ನುಂಗಿಬಿಟ್ಟು, ಎರಡನೆಯದನ್ನು ಅಗಿಯುತ್ತ ಕೂತಾಗ ಹೆಂಡತಿಯ ಊಟ ಮುಗಿದಿರುತ್ತದೆ. 'ಬಸ್ಸಾರು ಇಲ್ವಾ?' ಎಂಬ ಪ್ರಶ್ನೆಯನ್ನು ಅವನು ಮಾಣಿಯನ್ನು ಕೇಳಲಾರ, ಅವಳನ್ನು ಕೇಳುತ್ತಾನೆ. ಕೊನೆಗೆ ಎತ್ತರದ ಗಾಜಿನ ಲೋಟದಲ್ಲಿ ಬರುವ ಗಡ್‌ಬಡ್ ಐಸ್‌ಕ್ರೀಮು ಉಭಯಪಕ್ಷಗಳನ್ನೂ ಸಂಧಾನಕ್ಕೆ ತರುತ್ತದೆ. ಅದರ ತಳದಲ್ಲಿ ಸಿಗುವ ದ್ರಾಕ್ಷಿ ತಮ್ಮ ಚಿಕ್ಕಬಳ್ಳಾಪುರದ್ದೇ ಇರಬೇಕೆಂದು ಗಂಡನು ಘೋಷಿಸುವುದು ವಾಡಿಕೆ. ಇದಕ್ಕೆ ಆಧಾರ ಕೇಳಬಾರದು.

ನಗರದ ಇತರ ಸ್ಥಾನಗಳು ಶೀಘ್ರವಾಗಿ ಮುಗಿಯುತ್ತವೆ. ಕದ್ರಿ, ಕುದ್ರೋಳಿಗಳಲ್ಲಿ ಕೈಮುಗಿದು, ಸಂತ ಅಲೋಶಿಯಸ್ ಚಾಪೆಲಿನಲ್ಲಿ ಇಟಲಿಯ ಜೆಸ್ಯೂಟ್ ಬ್ರದರ್ ಆಂಟೋನಿಯೊ ಮೊಸ್ಕೇನಿ 1900ರ ಆಸುಪಾಸಿನಲ್ಲಿ ಗೋಡೆ ಛಾವಣಿಗಳ ತುಂಬ ಬಿಡಿಸಿದ ಚಿತ್ರಗಳನ್ನು ಕತ್ತು ನೋಯುವವರೆಗೆ ನೋಡಿದ ದಂಪತಿ, ಹೊರಬಂದು ಮಾತಾಡುವುದು ಮಾತ್ರ ಹೆಂಚಿನ ಬಗ್ಗೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ಘಟ್ಟ ಹತ್ತಿತು, ಶಿಡ್ಲಘಟ್ಟದ ಹಳೆಯ ಹುಳುಮನೆಗಳ ಮೇಲೂ ಕೂತಿತು. ತಾವು ಹುಟ್ಟಿದಂದಿನಿಂದ ತಲೆಯ ಮೇಲೆ ಹೊತ್ತಿದ್ದ ಊರನ್ನು ನೋಡಲು ಇಷ್ಟು ದೂರ ಬರಬೇಕಾಯಿತೇ ಎಂದು ಹೆಂಡತಿ ಕೇಳುವುದುಂಟು, ಮತ್ತು ಈ ಪ್ರಬಂಧಕ್ಕೆ ಅದು ಚಾಪೆಲಿನ ಬಗ್ಗೆ ಬಂದ ಯಾವ ಮಾತಿಗಿಂತಲೂ ತೂಕದ್ದಾಗಿ ಕಾಣುತ್ತದೆ.

ಮಧ್ಯಾಹ್ನ ಮೂರರ ಸುಮಾರಿಗೆ ಮನಸ್ತಾಪ. ಇದರ ನಿಮಿತ್ತವು ಕಡಲತೀರದಲ್ಲಿರುವುದಿಲ್ಲ, ಊರಲ್ಲಿರುತ್ತದೆ. ಗಂಡನು ಸೂರ್ಯನ ಕಡೆ ಮುಖ ಮಾಡಿ ನಿಂತು ತಮ್ಮನಿಗೆ ಫೋನು ಹಚ್ಚಿ, 'ತ್ರೀ ಫೇಸ್ ಬಂತೇನೋ? ಮೋಟ್ರು ಹಾಕಿದ್ಯಾ? ಹಸುಗೆ ನೀರಿಟ್ರಾ? ಬಾಕ್ಸ್ ಎಷ್ಟಕ್ಕೋಯ್ತು?' ಎಂದು ವಿಚಾರಿಸುತ್ತಾನೆ, ಹೆಂಡತಿಯು, ಬೆಳಗಿನಿಂದ ಇದು ಎಷ್ಟನೆಯ ಫೋನೆಂದು ಕೇಳುತ್ತಾಳೆ, ಆಮೇಲೆ ಮೌನ. ಗೌರಿಬಿದನೂರಿನ ಬಳಿ 1960ರ ದಶಕದಿಂದ ಇರುವ ಭೂಕಂಪನ ಮಾಪಕಗಳ ಸಾಲು ಸಾವಿರಾರು ಕಿಲೋಮೀಟರ್ ದೂರದ ನೆಲದಡಿಯ ಅಣುಸ್ಫೋಟವನ್ನು ಗುರುತಿಸಬಲ್ಲದು. ಅದೇ ತಾಲ್ಲೂಕಿನ ರೇಡಿಯೊ ದೂರದರ್ಶಕವು 34.5 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ನಕ್ಷತ್ರಲೋಕದ ಪಿಸುಮಾತನ್ನು ಆಲಿಸಿದೆ. ಇಂಥ ಉಪಕರಣಗಳ ನೆರಳಿನಲ್ಲೇ ಬೆಳೆದ ಗಂಡನಿಗೆ ಪಕ್ಕದಲ್ಲಿ ಕೂತ ಮೌನದ ತೀವ್ರತೆಯನ್ನು ಅಳೆಯಲು ಬರುವುದಿಲ್ಲವೆಂಬುದನ್ನು ವಿಜ್ಞಾನದ ಸೋಲೆನ್ನುವಂತಿಲ್ಲ. ಅವನು ಚುರುಮುರಿ ತಂದುಕೊಡುತ್ತಾನೆ. ಅವಳು, 'ಹಸು ಏನಂತೆ?' ಎನ್ನುತ್ತಾಳೆ. ಪ್ರಕರಣ ಮುಕ್ತಾಯ.

ಮೌನ ಕಳೆದ ಮೇಲೆ ಮರಳಶಾಸನದ ಸಮಯ. ಎರಡು ಹೆಸರು, ನಡುವೆ ಒಂದು ಹೃದಯ, ಕೆಳಗೆ ಇಸವಿ. ಬರೆಯುವ ಉಪಕರಣ ಐಸ್‌ಕ್ರೀಮಿನ ಕಡ್ಡಿ ಅಥವಾ ಉಳಿದ ಒಂದು ಚಪ್ಪಲಿಯ ತುದಿ. ಶಾಸನದ ಅಕ್ಷರಗಳು ಸ್ಫುಟವಾಗಿದ್ದು, ಪಾಠವು ಮೊದಲ ಅಲೆಗೆ ತ್ರುಟಿತವಾಗಿ ಎರಡನೆಯದಕ್ಕೆ ಲುಪ್ತವಾಗುತ್ತದೆ. ಗಂಡನ ಹೆಸರು ನೀರಿನ ಕಡೆಗಿದ್ದರೆ ಮೊದಲು ಅದೇ ಅಳಿಯುವುದರಿಂದ, ಬುದ್ಧಿವಂತಳಾದ ಹೆಂಡತಿ ಶಾಸನದ ಸ್ಥಳವನ್ನು ತಾನೇ ಆರಿಸುತ್ತಾಳೆ.

ಉಳಿದದ್ದು ಸೂರ್ಯಾಸ್ತ. 1,478 ಮೀಟರ್ ಎತ್ತರದ ನಂದಿಬೆಟ್ಟದಲ್ಲಿ ಸೂರ್ಯೋದಯ ನೋಡಲು ಬೆಂಗಳೂರಿನ ಅರ್ಧ ಊರೇ ಕತ್ತಲಲ್ಲಿ ಬಂದು ತಮ್ಮ ರಸ್ತೆಯನ್ನು ತುಂಬುವುದನ್ನು ಕಂಡು ಬೇಸತ್ತಿರುವ ಈ ದಂಪತಿಗೆ, ಮುಳುಗುವ ಸೂರ್ಯನೇ ಹೆಚ್ಚು ಸಭ್ಯನಾಗಿ ಕಾಣುತ್ತಾನೆ. ಮಂಗಳೂರು ಚಿಕ್ಕಬಳ್ಳಾಪುರಕ್ಕಿಂತ ಹೆಚ್ಚುಕಡಿಮೆ ಮೂರು ಡಿಗ್ರಿ ಪಶ್ಚಿಮಕ್ಕಿರುವುದರಿಂದ ಇಲ್ಲಿ ಸೂರ್ಯ ಸುಮಾರು 12 ನಿಮಿಷ ತಡವಾಗಿ ಮುಳುಗುತ್ತಾನೆ, ಭೂಮಿಯು ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕಾದ್ದರಿಂದ. ಬೆಳಿಗ್ಗೆ ಅಷ್ಟೇ ತಡವಾಗಿ ಹುಟ್ಟಿದ್ದನೆಂದು ಆಕ್ಷೇಪಿಸಬಹುದು. ಆದರೆ ಬೆಳಗಿನ ನಷ್ಟ ಬಸ್ಸಿನ ನಿದ್ದೆಯಲ್ಲಿ ಹೋಯಿತು, ಸಂಜೆಯ ಲಾಭ ಎಚ್ಚರದಲ್ಲಿ ಬಂತು. ಈ 12 ನಿಮಿಷಗಳನ್ನು ದಂಪತಿಯು ಸೂರ್ಯನನ್ನು ಅಂಗೈಯಲ್ಲಿ ಹಿಡಿದಂತೆ ಕಾಣುವ ಭಾವಚಿತ್ರಕ್ಕಾಗಿ ವ್ಯಯಿಸುತ್ತಾರೆ. 'ಇನ್ನೂ ಸ್ವಲ್ಪ ಕೆಳಗೆ, ಕೆಳಗೆ, ಅಯ್ಯೋ ಅಷ್ಟಲ್ಲ' ಎಂಬ ನಿರ್ದೇಶನಗಳ ನಡುವೆ ಸೂರ್ಯ ಹೋಗಿರುತ್ತಾನೆ. ಚಿತ್ರದಲ್ಲಿ ಉಳಿಯುವುದು ಖಾಲಿ ಕೈಯನ್ನು ಪಶ್ಚಿಮಕ್ಕೆ ಚಾಚಿ ನಿಂತ ಒಬ್ಬ ಬಯಲುಸೀಮೆಯವನು. ಎತ್ತಿನಹೊಳೆಯ ಕಡತಕ್ಕೆ ಮುಖಪುಟವಾಗಿ ಇದಕ್ಕಿಂತ ಯೋಗ್ಯವಾದ ಚಿತ್ರ ಸಿಗದು.

ಇನ್ನು ಅಧಿಕಾರಿನಿರ್ಣಯ, ಅಂದರೆ ಈ ಕರ್ಮಕ್ಕೆ ಯಾರು ಅರ್ಹರೆಂಬ ತೀರ್ಮಾನ. ಗೂಡು ಮಾರಿ ಹಣ ಕೈಗೆ ಬಂದಿರುವವರು, ಹುಳು ಮೂರನೆಯ ಜ್ವರದೊಳಗಿದ್ದರೆ ಮನೆಯಲ್ಲಿ ನಂಬಿಗಸ್ತ ನಾದಿನಿಯನ್ನು ಹೊಂದಿರುವವರು, ಹಳೆಯ ಚಪ್ಪಲಿ ಉಳ್ಳವರು ಅರ್ಹರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾರೂ ನೀರಿಗೆ ಅರ್ಹರಲ್ಲ, ಬಾಕ್ಸಿಗೆ ಎರಡು ಸಾವಿರ ಬಂದಿದ್ದರೂ ಸರಿ. ಕೆರೆಯಲ್ಲಿ ಈಜು ಕಲಿತವರು ಕಡಲಿನಲ್ಲೂ ಈಜಬಲ್ಲೆವೆಂದು ತಿಳಿಯುವುದು ಈ ಶಾಸ್ತ್ರದಲ್ಲಿ ಮಹಾಪಾತಕ. ಕೆರೆಯ ನೀರು ಯಾರನ್ನೂ ಒಳಕ್ಕೆ ಎಳೆಯುವುದಿಲ್ಲ, ಹಿಂದಕ್ಕೆ ಸರಿಯುವ ಅಲೆ ಎಳೆಯುತ್ತದೆ. ಆದುದರಿಂದ ಓದುಗ ದಂಪತಿಗಳು ಈ ಪ್ರಬಂಧದ ಬೇರೆ ಯಾವ ಮಾತನ್ನು ಮರೆತರೂ, ಜೀವರಕ್ಷಕ ಸೀಟಿ ಊದಿದರೆ ಅದು ಪಕ್ಕದವರಿಗೆಂದು ಭಾವಿಸದೆ ದಡಕ್ಕೆ ಬರತಕ್ಕದ್ದು.